ಮಾರಿ ನೋಡಿ ಹೇಳು

ನನಗೆ ಕೆಲಸ ಕಲಿಸಿದ ಹಿರಿಯರು ತೀರಿಕೊಂಡ ಮೇಲೆ ಅವರ ಲಾಗಿನ್ ಅಳಿಸುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮದು ದಾಂಡೇಲಿಯ ಒಂದು ಸಣ್ಣ ಕಚೇರಿ. ಸುತ್ತಲಿನ ಊರುಗಳ ಏಳು ಸರ್ವರುಗಳನ್ನು ನೋಡಿಕೊಳ್ಳುತ್ತೇವೆ. ದಾಂಡೇಲಿಯಲ್ಲೇ ಮೂರು, ಹಳಿಯಾಳ, ಗಣೇಶಗುಡಿ, ಜೋಯಿಡಾ, ಮುಂಡಗೋಡಗಳಲ್ಲಿ ಒಂದೊಂದು. ಏಳೂ ಆದೇಶ ಟೈಪು ಮಾಡಿ ನಡೆಸುವ ಯುನಿಕ್ಸ್ ಜಾತಿಯವು, ಹೆಚ್ಚಿನವು ಹಳೆಯವು. ಪ್ರತಿಯೊಂದರಲ್ಲೂ ಅವರ ಹೆಸರಿನ ಖಾತೆ ಇತ್ತು. ಅವರು ತೀರಿಕೊಂಡು ಮೂರು ವಾರವಾಗಿದ್ದರೂ ಆ ಯಂತ್ರಗಳಿಗೆ ಅದು ತಿಳಿದಿರಲಿಲ್ಲ. ಪಾಸ್‌ವರ್ಡ್ ಕೊಟ್ಟರೆ ಅವರನ್ನು ಒಳಗೆ ಬಿಡಲು ಸಿದ್ಧವಾಗಿಯೇ ಇದ್ದವು.

“ಹೋದವರ ಲಾಗಿನ್ ಅವತ್ತಿಂದವತ್ತ ತಗೀಬೇಕವಾ. ನಾಳೆ ನೋಡೂಣು ಅಂದ್ರ ವರ್ಷಗಟ್ಲೆ ಹಂಗ ಉಳೀತೈತಿ” ಎಂದು ಅವರೇ ಹೇಳುತ್ತಿದ್ದರು. ನಾನು ಮೂರು ವಾರ ಮುಂದೂಡಿದೆ. ದೂರದಿಂದ ಯಾರೂ ಒಳಹೊಗದಂತೆ ಈ ಯಂತ್ರಗಳನ್ನು ಅವರು ಭದ್ರ ಮಾಡಿಟ್ಟಿದ್ದರಿಂದ ಒಂದೊಂದರ ಮುಂದೂ ಹೋಗಿ ಕೂತೇ ಈ ಕೆಲಸ ಮಾಡಬೇಕಿತ್ತು. ಬಸ್ಸು ಹತ್ತಿ ಇಳಿದು, ಆರು ಮುಗಿಸಿದೆ. ಹಳಿಯಾಳದ ಆಸ್ಪತ್ರೆಯದನ್ನು ಕೊನೆಗೆ ಇಟ್ಟುಕೊಂಡೆ.

ನಾನು ಅವರ ಕೈಕೆಳಗೆ ಸೇರಿದಾಗ ಅವರಿಗೆ ಅರವತ್ತು ದಾಟಿತ್ತು. ತೆಳ್ಳಗಿನ ಆಳು, ಬಿಳಿ ಅರ್ಧ ತೋಳಿನ ಅಂಗಿ. ಹಣೆಯ ಮೇಲಿನ ವಿಭೂತಿ ಬೆಳಿಗ್ಗೆ ದಟ್ಟವಾಗಿದ್ದು ಮಧ್ಯಾಹ್ನದ ಹೊತ್ತಿಗೆ ಬೆವರಿನಲ್ಲಿ ಕರಗಿರುತ್ತಿತ್ತು. ಬಂಗೂರನಗರದ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಬೆಳಗಾವಿ ಜಿಲ್ಲೆಯ ಹಳ್ಳಿಯಿಂದ ಫಿಟ್ಟರ್ ಕೆಲಸ ಹುಡುಕಿಕೊಂಡು ಬಂದವರು ಅದು ಹೇಗೋ ಕಂಪ್ಯೂಟರಿನ ಕಡೆ ಸರಿದಿದ್ದರು. ಯುನಿಕ್ಸ್‌ನ ದಪ್ಪ ಕೈಪಿಡಿಯನ್ನು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿದ್ದರು. ಆ ಪುಸ್ತಕ ಈಗ ನನ್ನ ಬಳಿ ಇದೆ. ಅದರ ಅಂಚುಗಳಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಕನ್ನಡ ಅರ್ಥಗಳಿವೆ. ಡಿಸ್ಕನ್ನು ಮೌಂಟ್ ಮಾಡುವುದು ಎಂಬಲ್ಲಿ ‘ನೊಗಕ್ಕ ಹೂಡೂದು’ ಎಂದಿದೆ. ನಾನು ಧಾರವಾಡದಲ್ಲಿ ಎರಡು ವರ್ಷ ಓದಿ ಕಲಿತ ವ್ಯಾಖ್ಯೆಗಿಂತ ಅದು ಸ್ಪಷ್ಟವಾಗಿತ್ತು.

ಅವರ ಕಪ್ಪು ರೆಕ್ಸಿನ್ ಚೀಲದಲ್ಲಿ ಒಂದು ಟಾರ್ಚು, ಬಣ್ಣ ಹಚ್ಚುವ ಬ್ರಶ್ಶು, ಪೆನ್ಸಿಲ್ ಅಳಿಸುವ ರಬ್ಬರು, ಟವೆಲ್ಲು, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರು ಇರುತ್ತಿದ್ದವು. ಮಳೆಗಾಲದಲ್ಲಿ ಈ ಕಡೆ ಯಂತ್ರಗಳು ಏಳದಿರುವುದಕ್ಕೆ ಅರ್ಧ ಕಾರಣ ತೇವ. ಜೋಯಿಡಾದಲ್ಲಿ ಒಮ್ಮೆ ಸರ್ವರು ಮೂರು ದಿನದಿಂದ ಸತ್ತು ಕೂತಿತ್ತು. ಬೋರ್ಡೇ ಹೋಗಿದೆ ಎಂದು ಯಾರೋ ಹೇಳಿಹೋಗಿದ್ದರು. ಇವರು ಮೆಮೊರಿ ಪಟ್ಟಿಗಳನ್ನು ಕಿತ್ತು, ಅವುಗಳ ಮಂಕಾದ ತುದಿಗಳಿಗೆ ರಬ್ಬರು ತಿಕ್ಕಿ, ಮತ್ತೆ ಕೂರಿಸಿದರು. ಯಂತ್ರ ಎದ್ದಿತು. ಅಲ್ಲಿನ ಅಧಿಕಾರಿಯ ಮುಖ ಸಣ್ಣದಾಯಿತು.

“ಇಷ್ಟ ಏನ್ರಿ?” ಎಂದರು ಅಧಿಕಾರಿ.

“ಇಷ್ಟ ರೀ. ಬೇಕಾದ್ರ ಇನ್ನೊಂದ ತಾಸು ಇಲ್ಲೇ ಕುಂತು ತೆಲಿ ಕೆರಕೋತೇನಿ, ನಿಮಗ ಸಮಾಧಾನ ಆಗ್ಲಿ ಅಂತ.”

ಯಂತ್ರದ ಮುಂದೆ ಬಂದ ಕೂಡಲೇ ಅವರು ಅದನ್ನು ಮುಟ್ಟುತ್ತಿರಲಿಲ್ಲ. ಕೈ ತೊಳೆದುಕೊಂಡು ಬಂದು, ತೊಡೆಯ ಮೇಲೆ ಕೈಯಿಟ್ಟು ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದರು. ಆಮೇಲೆ ಅಲ್ಲಿನವರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಕಡೀಕ ಏನ್ ಮಾಡಿದ್ರಿ?” ಎಲ್ಲರೂ ಕೊಡುವ ಉತ್ತರ ಒಂದೇ, “ಏನೂ ಮಾಡಿಲ್ರಿ.” ಅವರು ತಲೆಯಾಡಿಸಿ, “ಹೌದ್ರಿ, ಅದು ತಾನ ಬೇಜಾರಾಗಿ ಮಲಕ್ಕೊಂಡೈತಿ” ಎನ್ನುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಯಾರಾದರೊಬ್ಬರು ಹತ್ತಿರ ಬಂದು, ತಂತಿ ಕಿತ್ತದ್ದನ್ನೋ ಫ್ಯಾನಿಗಾಗಿ ಪ್ಲಗ್ಗು ತೆಗೆದದ್ದನ್ನೋ ಮೆಲ್ಲಗೆ ಹೇಳುತ್ತಿದ್ದರು.

ಯಂತ್ರದಲ್ಲಿ ಜೀವ ಇದೆಯೇ ಎಂದು ನೋಡುವುದು ಸ್ಕ್ರೂಡ್ರೈವರಿನಿಂದ. ಅದರ ತುದಿಯನ್ನು ಡಿಸ್ಕಿನ ಮೈಗೆ ತಾಗಿಸಿ, ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಡಿಸ್ಕು ಸರಿಯಾಗಿ ತಿರುಗುತ್ತಿದೆಯೇ, ಅದರ ಬೇರಿಂಗು ಸವೆದಿದೆಯೇ, ಓದುವ ಮುಳ್ಳು ತಡಕಾಡುತ್ತಿದೆಯೇ ಎಂಬುದು ಅವರಿಗೆ ಹಾಗೆ ತಿಳಿಯುತ್ತಿತ್ತು. ಇದೇ ಅವರ ಹೆಸರು, ಇದೇ ಅವರ ವಿದ್ಯೆ. ಊರೂರಿನಲ್ಲಿ ಅವರನ್ನು ‘ಕಿವಿ ಸಾಹೇಬ್ರು’ ಎನ್ನುವವರಿದ್ದರು.

ಇನ್ನೊಂದು ಪದ್ಧತಿ ನನ್ನ ಪಾಲಿಗೆ ಹಿಂಸೆಯಾಗಿತ್ತು. ಆದೇಶವೊಂದನ್ನು ಟೈಪು ಮಾಡಿದ ಮೇಲೆ ಎಂಟರ್ ಒತ್ತುವ ಮೊದಲು ಅವರ ಕಡೆ ತಿರುಗಿ, ಏನು ಮಾಡಲಿದ್ದೇನೆ, ಯಾವ ಡಿಸ್ಕಿನ ಮೇಲೆ, ಏನಾಗಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಅವರು ಹೂಂ ಎಂದ ಮೇಲೆ ಒತ್ತಬೇಕು. ಆದ ಮೇಲೆ “ಆತ್ರಿ” ಎನ್ನಬೇಕು. ಪರದೆಯತ್ತ ನೋಡುತ್ತಾ ಗೊಣಗಿದರೆ ಒಪ್ಪುತ್ತಿರಲಿಲ್ಲ. “ನನ್ನ ಮಾರಿ ನೋಡಿ ಹೇಳು” ಎನ್ನುತ್ತಿದ್ದರು.

ನಾನು ಮಾತು ಕಡಿಮೆಯವಳು. ಯುನಿಕ್ಸ್ ನನಗೆ ಹಿಡಿಸಿದ್ದೇ ಅದರ ಮೌನಕ್ಕಾಗಿ. ಕೊಟ್ಟ ಕೆಲಸ ಸರಿಯಾಗಿ ಆದರೆ ಅದು ಏನೂ ಹೇಳುವುದಿಲ್ಲ, ಮುಂದಿನ ಆದೇಶಕ್ಕೆ ಕಾಯುತ್ತಾ ಮಿಟುಕುತ್ತದೆ. ತಪ್ಪಾದರೆ ಮಾತ್ರ ಒಂದು ಸಾಲು ಬರೆಯುತ್ತದೆ. ನಾನೂ ಹಾಗೇ ಇದ್ದರೆ ಸಾಕಲ್ಲ ಎಂದು ಒಮ್ಮೆ ಧೈರ್ಯ ಮಾಡಿ ಹೇಳಿದೆ.

“ಅದು ಮಷೀನ. ಸುಮ್ಮನಿದ್ರ ನಡೀತೈತಿ” ಎಂದರು. “ನೀ ಸುಮ್ಮನಿದ್ರ ನೀ ಸರಿ ಅದಿಯೋ ತಪ್ಪ ಅದಿಯೋ ನನಗ ಹೆಂಗ ಗೊತ್ತಾಗಬೇಕು?”

ಒಂದು ವರ್ಷ ಇದನ್ನು ಅವರ ಶಿಸ್ತು ಎಂದೇ ತಿಳಿದಿದ್ದೆ. ಮೊದಲು ಅನುಮಾನ ಬಂದದ್ದು ಗಣೇಶಗುಡಿಯಲ್ಲಿ. ಅಲ್ಲಿನ ಯುಪಿಎಸ್ ಬ್ಯಾಟರಿ ಮುಗಿಯುತ್ತಿದೆ ಎಂದು ಕಿರುಚುತ್ತಿತ್ತು. ಹೊರಗೆ ನಿಂತ ಕಾವಲುಗಾರ ಕೂಡ ಇಣುಕಿ ನೋಡಿದ. ಅದರಿಂದ ಎರಡು ಮೊಳ ದೂರದಲ್ಲಿ ಕೂತ ಇವರು ನೆಮ್ಮದಿಯಿಂದ ಪುಟ ತಿರುಗಿಸುತ್ತಿದ್ದರು. ಆಮೇಲೆ ಒಂದೊಂದೇ ಕಾಣತೊಡಗಿತು. ಫೋನು ಬಂದರೆ “ಸಿಗ್ನಲ್ ಇಲ್ಲವಾ, ನೀ ಮಾತಾಡು” ಎಂದು ನನ್ನ ಕೈಗೆ ಕೊಡುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರು ಕೇಳುವ ಮೊದಲೇ ಊರ ಹೆಸರು ಹೇಳಿಬಿಡುತ್ತಿದ್ದರು. ಇಬ್ಬರು ಒಟ್ಟಿಗೆ ಮಾತಾಡಿದರೆ ನಕ್ಕು ಸುಮ್ಮನಾಗುತ್ತಿದ್ದರು. ನಮ್ಮ ಕಚೇರಿಯ ಹಳಬರೊಬ್ಬರು ಯಾವುದೋ ಮಾತಿಗೆ, ಮೊದಲು ಅವರಿಗೆ ಈ ‘ಮಾರಿ ನೋಡಿ ಹೇಳು’ ಇರಲಿಲ್ಲ, ಈಚೆಗೆ ಹಚ್ಚಿಕೊಂಡದ್ದು ಎಂದರು. ಅವತ್ತು ನನಗೆ ಪೂರ್ತಿ ಅರ್ಥವಾಯಿತು. ಅವರು ನನ್ನ ತುಟಿ ಓದುತ್ತಿದ್ದರು.

ನಾನು ಯಾರಿಗೂ ಹೇಳಲಿಲ್ಲ. ಅವರಿಗೂ ಹೇಳಲಿಲ್ಲ. ಅದು ಅವರ ಖಾಸಗಿ ವಿಷಯ ಎಂದುಕೊಂಡೆ. ನನ್ನ ಖಾಸಗಿ ವಿಷಯಗಳನ್ನು ಯಾರೂ ಕೆದಕಬಾರದು ಎಂದು ಬಯಸುವವಳು ನಾನು. ಅದೇ ಮರ್ಯಾದೆಯನ್ನು ಅವರಿಗೂ ಕೊಡುತ್ತಿದ್ದೇನೆ ಎಂದು ನಂಬಿದ್ದೆ. ಕಿವಿಯಿಂದ ಅನ್ನ ತಿನ್ನುವ ಮನುಷ್ಯನಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದರೆ ಕಚೇರಿ ಅವರನ್ನು ಊರುಗಳಿಗೆ ಕಳಿಸುವುದಿಲ್ಲ ಎಂಬುದೂ ಗೊತ್ತಿತ್ತು. ನನ್ನ ಮೌನಕ್ಕೆ ಕಾರಣಗಳು ಸಾಕಷ್ಟಿದ್ದವು.

ಹೋದ ವರ್ಷದ ದಸರೆಯ ಮರುದಿನ ಹಳಿಯಾಳದಿಂದ ಕರೆ ಬಂತು. ಆಸ್ಪತ್ರೆಯ ದಾಖಲೆ ವಿಭಾಗದ ನೀಲವ್ವಕ್ಕ ಮಾತಾಡಿದ್ದು: “ತಂಗಿ, ಮಷೀನ ಏಳವಲ್ದು. ಸಾಹೇಬ್ರನ್ನ ಕರಕೊಂಡು ಲಗೂನ ಬಾರವಾ.”

ಒಂಬತ್ತಕ್ಕೆ ಅಲ್ಲಿದ್ದೆವು. ನೀಲವ್ವಕ್ಕ ಬಾಗಿಲಲ್ಲೇ ಅವರ ಕೈಗೆ ನಾಲ್ಕು ಬನ್ನಿ ಎಲೆ ಇಟ್ಟು ನಮಸ್ಕಾರ ಮಾಡಿದರು. ಅವರು ಎಲೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಕೈ ತೊಳೆದು ಬಂದು ಕೂತು, ಎಂದಿನ ಪ್ರಶ್ನೆ ಕೇಳಿದರು.

“ಕಡೀಕ ಏನ್ ಮಾಡಿದ್ರಿ?”

ನೀಲವ್ವಕ್ಕ ಸುಳ್ಳು ಹೇಳಲಿಲ್ಲ. “ಖಂಡೇಪೂಜಿ ದಿನ ಎಲ್ಲಾ ಮಷೀನಕ್ಕೂ ವಿಶ್ರಾಂತಿ ಕೊಡತೇವ್ರಿ. ಇದಕ್ಕಷ್ಟ ಯಾಕ ಇಲ್ಲಾ ಅನ್ನಿಸ್ತು. ಏಳ ವರ್ಷಾತು, ಒಂದ ದಿನಾ ಕಣ್ಣ ಮುಚ್ಚಿಲ್ಲ ಪಾಪ. ನೀವ ಬರದು ಹಚ್ಚಿದ ಚೀಟಿ ನೋಡಿ ಸರಿಯಾಗೇ ಬಂದ ಮಾಡೇನ್ರಿ. ಪೂಜಿ ಮಾಡಿ, ಬನ್ನಿ ಮುಡಿಯೂತನಕ ಮಲಗಿಸಿದ್ವಿ. ಇವತ್ತ ಏಳಸಿದ್ರ ಏಳವಲ್ದು.”

ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಹಳೆಯ ಡಿಸ್ಕು ಎರಡು ದಿನ ತಣ್ಣಗಾದರೆ ಮತ್ತೆ ಏಳಲು ತಕರಾರು ಮಾಡುವುದು ಅವರಿಗೆ ಹೊಸದಲ್ಲ. ಚೀಟಿ ಬರೆದು ಅಂಟಿಸಿದ್ದು ಅವರೇ. ನಿಲ್ಲಿಸುವುದು ಹೇಗೆಂದು ಅದರಲ್ಲಿತ್ತು, ನಿಲ್ಲಿಸಬೇಡಿ ಎಂದು ಇರಲಿಲ್ಲ.

ಯಂತ್ರದ ಮುಖದ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಅಗಲವಾದ ಕುಂಕುಮ, ಮೇಲೆ ಚೆಂಡುಹೂವಿನ ಮಾಲೆ. ಹೊಸ ಕುಂಕುಮದ ಕೆಳಗೆ ಹಳೆಯ ವರ್ಷದ್ದು ಗಟ್ಟಿಯಾಗಿ ಕೂತಿತ್ತು. ಅದರೊಳಗೆ ಎರಡು ಡಿಸ್ಕುಗಳು. ಒಂದರಲ್ಲಿ ಬರೆದದ್ದು ಅದೇ ಕ್ಷಣ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ. ಒಂದು ಸತ್ತರೆ ಇನ್ನೊಂದು ಇರಲಿ ಎಂದು ಮಾಡಿದ ಜೋಡಿ. ಇವಲ್ಲದೆ ಬೀರುವಿನಲ್ಲಿಟ್ಟಿದ್ದ ನಕಲಿನ ಡಿಸ್ಕು ಆ ಮಳೆಗಾಲದಲ್ಲಿ ಕೆಟ್ಟಿತ್ತು. ಹೊಸದಕ್ಕೆ ಕೊಟ್ಟ ಅರ್ಜಿ ಸಹಿಗೆ ಕಾದಿತ್ತು.

ಆಗ ಡಾಕ್ಟರು ಬಂದರು. ಬಾಗಿಲಿನ ಚೌಕಟ್ಟಿಗೆ ಕೈಕೊಟ್ಟು ನಿಂತೇ ಮಾತಾಡಿದರು.

“ಎಷ್ಟ ಹೊತ್ತ ಬೇಕ್ರಿ? ಡಯಾಲಿಸಿಸ್‌ಗೆ ಬಂದವರು ಕುಂತಾರ. ಉಳದವರದ್ದು ಹೆಂಗಾದ್ರೂ ಮಾಡ್ತೇನಿ. ಪಾಳಾ ಊರಿನ ಶಾಂತವ್ವಂದು ಕಷ್ಟ ಐತಿ.”

ಶಾಂತವ್ವ ಹೊರಗಿನ ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹಬ್ಬಕ್ಕಾಗಿ ಒಂದು ಸರದಿ ತಪ್ಪಿತ್ತು. ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದರು. ಶ್ರಾವಣದಲ್ಲಿ ಅವರಿಗೆ ಯಾವುದೋ ಸೂಜಿ ಒಗ್ಗದೆ ಜೀವಕ್ಕೆ ಬಂದಿತ್ತಂತೆ. ಯಾವ ಸೂಜಿ ಎಂದು ಆಗ ಇದ್ದ ನರ್ಸು ದಾಖಲೆಯಲ್ಲಿ ಬರೆದು, ಆಮೇಲೆ ಕೆಲಸ ಬಿಟ್ಟು ಹೋಗಿದ್ದರು. ಶಾಂತವ್ವನಿಗೆ ನೆನಪಿದ್ದದ್ದು ಇಷ್ಟೇ: “ಬಿಳೇ ಬಾಟ್ಲಿದ್ರಿ. ಹಾಕಿದ ಕೂಡ್ಲೆ ಮೈಯೆಲ್ಲಾ ಉರದು, ಕಣ್ಣ ಕತ್ತಲ ಬಂತು.”

“ಇಲ್ಲೆ ಬಾಟ್ಲಿ ಎಲ್ಲಾ ಬಿಳೇನ ಅದಾವು” ಎಂದರು ಡಾಕ್ಟರು. “ಆ ದಾಖಲಿ ನೋಡದ ನಾ ಚುಚ್ಚೂದಿಲ್ಲ. ಹನ್ನೊಂದರ ತನಕಾ ಕಾಯ್ತೇನಿ. ಆಗ್ಲಿಲ್ಲಂದ್ರ ಹುಬ್ಬಳ್ಳಿಗೆ ಕಳಸಬೇಕು. ದಾರಿಯಾಗ ಹೆಂಗಿರ್ತಾಳೋ ಹೇಳಾಕ ಬರೂದಿಲ್ಲ.”

ಅವರು ಹೂಂ ಎಂದು ಯಂತ್ರ ಚಾಲೂ ಮಾಡಿದರು. ಯಂತ್ರವನ್ನು ಎಬ್ಬಿಸುವಂಥ ಡಿಸ್ಕು ಯಾವುದೂ ಸಿಗಲಿಲ್ಲ ಎಂದು ಪರದೆ ಹೇಳಿತು. ಸ್ಕ್ರೂಡ್ರೈವರು ತೆಗೆದು ಮೊದಲ ಡಿಸ್ಕಿಗೆ ತಾಗಿಸಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರು. ಎಡಗೈಯ ಬೆರಳ ತುದಿಗಳನ್ನೂ ಡಿಸ್ಕಿನ ಮೇಲೆ ಇಟ್ಟಿದ್ದರು.

“ತಿರಗಾಕತ್ತೈತಿ” ಎಂದರು. “ಜೀವ ಐತಿ. ತಂಪಾಗೈತಿ, ಅಷ್ಟ. ಎರಡ ಮೂರ ಸಲ ಎಬ್ಬಸೂಣು.”

ಡಿಸ್ಕು ತಿರುಗುತ್ತಿದ್ದದ್ದು ನಿಜ. ಆದರೆ ಫ್ಯಾನುಗಳ ಸದ್ದಿನ ನಡುವೆ ನನಗೆ ಇನ್ನೊಂದು ಕೇಳಿಸಿತು. ಟಿಕ್, ಟಿಕ್, ಟಿಕ್. ಸ್ವಲ್ಪ ಬಿಡುವು. ಮತ್ತೆ ಟಿಕ್, ಟಿಕ್, ಟಿಕ್. ಓದುವ ಮುಳ್ಳು ದಾರಿ ಸಿಗದೆ ಗೋಡೆಗೆ ಬಡಿದುಕೊಳ್ಳುವ ಶಬ್ದ. ಆ ಶಬ್ದ ಬಂದರೆ ತಕ್ಷಣ ಕರೆಂಟು ತೆಗೆಯಬೇಕು, ಪ್ರತಿ ಬಡಿತಕ್ಕೂ ಬರೆದದ್ದು ಕೆರೆದುಹೋಗುತ್ತದೆ ಎಂದು ನನಗೆ ಕಲಿಸಿದವರು ಅವರೇ.

ಬೆರಳಿಗೆ ತಿರುಗುವುದು ತಿಳಿಯುತ್ತಿತ್ತು, ಬಡಿತ ತಿಳಿಯುತ್ತಿರಲಿಲ್ಲ.

ನಾನು ಬಾಯಿ ತೆರೆಯಬೇಕಿತ್ತು. ಬಾಗಿಲಲ್ಲಿ ಡಾಕ್ಟರು, ಪಕ್ಕದಲ್ಲಿ ನೀಲವ್ವಕ್ಕ. ‘ನಿಮಗೆ ಕೇಳಿಸುತ್ತಿಲ್ಲ’ ಎಂದು ಅವರೆಲ್ಲರ ಎದುರಿಗೆ ಹೇಗೆ ಹೇಳುವುದು? ಅವರು ಯಂತ್ರ ನಿಲ್ಲಿಸಿದರು, ಮತ್ತೆ ಚಾಲೂ ಮಾಡಿದರು. ಟಿಕ್, ಟಿಕ್, ಟಿಕ್. ಈಗ ಅವರಿಗೇ ತಿಳಿಯುತ್ತದೆ ಎಂದುಕೊಂಡೆ. ಮೂರನೆಯ ಸಲ. ಶಬ್ದ ಮೊದಲಿಗಿಂತ ಒರಟಾಗಿತ್ತು.

ನಾಲ್ಕನೆಯ ಸಲ ಸ್ವಿಚ್ಚಿಗೆ ಕೈಹಾಕುವ ಮೊದಲು ಅವರು ಯಾಕೋ ತಿರುಗಿ ನನ್ನ ಮುಖ ನೋಡಿದರು. ಕೈ ಹಿಂದೆ ತೆಗೆದರು.

“ಏನಂತೈತಿ?” ಎಂದು ಕೇಳಿದರು.

“ಟಿಕ್ ಟಿಕ್ ಅನ್ನಾಕತ್ತೈತ್ರಿ ಸರ್.”

“ಯಾವಾಗಿಂದ?”

“ಮೊದಲನೇ ಸಲದಿಂದ.”

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು; ತಪ್ಪು ಓದಿಕೊಂಡೆನೇನೋ ಎಂಬಂತೆ. ಆಮೇಲೆ ಯಂತ್ರದ ಪ್ಲಗ್ಗನ್ನೇ ಕಿತ್ತರು. ಎದ್ದು ನಿಂತು ಡಾಕ್ಟರ ಕಡೆ ತಿರುಗಿದರು.

“ನನಗ ಕಿವಿ ಕೇಳಸೂದಿಲ್ರಿ ಡಾಕ್ಟರ್. ಎರಡ ವರ್ಷಾತು. ಮುಚ್ಚಿಟ್ಟಿದ್ದೆ. ಈಗ ಮೂರ ಸಲ ಸುಮ್ಮಸುಮ್ಮನ ಚಾಲೂ ಮಾಡಿ ಡಿಸ್ಕ ಕೆರಸೇನಿ. ಇನ್ನ ಒಂದ ಸಲಕ್ಕ ಬದಕಬಹುದು, ಬದಕದ ಇರಬಹುದು. ಶಾಂತವ್ವಾರ ಕಾಗದಾ ಒಂದ ತಗಿಯಾಕ ನೋಡ್ತೇವಿ. ಉಳದದ್ದಕ್ಕ ಗ್ಯಾರಂಟಿ ಕೊಡೂದಿಲ್ಲ.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು, ಅವರಿಗೆ ಕಾಣುವಂತೆ ಮುಖ ಎತ್ತಿ, ನಿಧಾನವಾಗಿ, “ನೋಡ್ರಿ” ಎಂದರು.

ಎರಡನೆಯ ಡಿಸ್ಕಿನಲ್ಲೂ ಎಲ್ಲ ಇರಬೇಕಲ್ಲ ಎಂದು ನಾನು ಹೇಳಿದೆ, ಅವರ ಮುಖ ನೋಡಿ. ಅವರು ಯಂತ್ರದ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ನೀಲವ್ವಕ್ಕನನ್ನು ಕೇಳಿದರು: “ನಿಮ್ಮ ಕುಂಕುಮಾ ಒರಸ್ಲೇನ್ರಿ?”

ನೀಲವ್ವಕ್ಕ ತಾವೇ ಸೆರಗಿನ ತುದಿಯನ್ನು ಒದ್ದೆ ಮಾಡಿ ಒರೆಸಿದರು. ಹಳೆಯ ಕುಂಕುಮ ಹಕ್ಕಳೆಯಾಗಿ ಎದ್ದು ಬಂತು. ಮೊದಲ ಡಿಸ್ಕನ್ನು ಹೊರಗೆಳೆದಿಟ್ಟು ಯಂತ್ರಕ್ಕೆ ಕರೆಂಟು ಕೊಟ್ಟಾಗ, ಒರೆಸಿದ ಜಾಗದಲ್ಲಿ ಸಾಸಿವೆಯಷ್ಟು ಹಳದಿ ದೀಪ ಹತ್ತಿತು. ಎರಡನೆಯ ಡಿಸ್ಕು ಜೋಡಿಯಿಂದ ಕಳಚಿಕೊಂಡಿದೆ ಎಂದು ಎಚ್ಚರಿಸುವ ದೀಪ. ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ಅದನ್ನು ತೆರೆದು ನೋಡಿದಾಗ ತಿಳಿಯಿತು, ಅದು ಕಳಚಿ ಏಳು ತಿಂಗಳಾಗಿತ್ತು. ಅದರಲ್ಲಿದ್ದದ್ದು ಯುಗಾದಿಗಿಂತ ಹಿಂದಿನದು ಮಾತ್ರ. ಶ್ರಾವಣದ್ದು ಇಲ್ಲ.

ಏಳು ತಿಂಗಳಲ್ಲಿ ಹೆಚ್ಚಿನ ಸಲ ತಪಾಸಣೆಗೆ ಬಂದವಳು ನಾನು. ದೀಪ ಹತ್ತಿಲ್ಲ ಎಂದು ನೋಡಿ ಪಟ್ಟಿಯಲ್ಲಿ ಗುರುತು ಹಾಕಿ ಹೋಗಿದ್ದೆ. ದೇವರ ಕುಂಕುಮ, ಒರೆಸುವುದು ಬೇಡ ಎಂದು ಬಿಟ್ಟಿದ್ದೆ. ಒಂದು ಆದೇಶ ಕೊಟ್ಟು ಕೇಳಿದ್ದರೆ ಯಂತ್ರವೇ ಹೇಳುತ್ತಿತ್ತು. ಕೇಳಿರಲಿಲ್ಲ.

ಅವರು ನನ್ನನ್ನು ಬೈಯಲಿಲ್ಲ. ಬೈಯುವ ಹೊತ್ತೂ ಅದಲ್ಲ. ಮೊದಲ ಡಿಸ್ಕನ್ನು ಬೆಚ್ಚಗಾಗಲೆಂದು ಅರ್ಧ ತಾಸು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತರು. ಅಷ್ಟರಲ್ಲಿ ನಾನು ಆದೇಶಗಳನ್ನು ಬರೆದಿಟ್ಟುಕೊಂಡೆ. ಓದಲು ಮಾತ್ರ ತೆರೆಯುವುದು, ಏನೂ ಬರೆಯಕೂಡದು. ಮೊದಲು ಡಯಾಲಿಸಿಸ್ ಕಡತಗಳು, ಅವುಗಳಲ್ಲೂ ಇತ್ತೀಚಿನವು ಮೊದಲು.

ಹತ್ತೂವರೆಗೆ ಡಿಸ್ಕಿಗೆ ಉದ್ದನೆಯ ತಂತಿ ಜೋಡಿಸಿ, ಅದನ್ನು ತಲೆಕೆಳಗು ಮಾಡಿ ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ತಲೆಕೆಳಗಾದರೆ ಮುಳ್ಳಿನ ಭಾರ ಬೇರೆ ಕಡೆ ಬೀಳುತ್ತದೆ, ಒಮ್ಮೊಮ್ಮೆ ದಾರಿ ಸಿಗುತ್ತದೆ ಎಂಬುದು ಅವರ ಲೆಕ್ಕ. ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿದರು. ನಾನು ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ಮರ ಅವರ ಬೆವರಿನಿಂದ ಒದ್ದೆಯಾಗಿತ್ತು.

“ಹೇಳಕೋತ ಇರು. ನಿಲ್ಲಸಬ್ಯಾಡ” ಎಂದರು.

ನಾನು ಹೇಳುತ್ತಾ ಹೋದೆ. ತಿರುಗತೊಡಗಿತು. ವೇಗ ಬಂತು. ಟಿಕ್ ಎಂದಿತು, ಒಂದು ಸಲ. ಈಗ ಇಲ್ಲ. ಈಗಲೂ ಇಲ್ಲ. ತೆರೆಯುತ್ತೇನೆ, ಓದಲು ಮಾತ್ರ. ಅವರು ಹೂಂ ಎಂದರು. ಆತ್ರಿ. ನಕಲು ಹಾಕುತ್ತೇನೆ. ಹೂಂ. ಕಡತಗಳ ಹೆಸರುಗಳು ಒಂದೊಂದೇ ಪರದೆಯ ಮೇಲೆ ಬರತೊಡಗಿದವು. ಭಾದ್ರಪದ ದಾಟಿ ಶ್ರಾವಣ, ಆಷಾಢ, ಹಿಂದುಹಿಂದಕ್ಕೆ. ಅವರ ಕಣ್ಣು ನನ್ನ ಬಾಯಿ ಬಿಟ್ಟು ಕದಲಲಿಲ್ಲ. ಅಷ್ಟು ಹೊತ್ತು ಒಂದೇ ಸಮನೆ ಅದಕ್ಕೆ ಮೊದಲು ನಾನು ಯಾರ ಮುಂದೂ ಮಾತಾಡಿರಲಿಲ್ಲ.

ಡಯಾಲಿಸಿಸ್ ಕಡತಗಳು ಮುಗಿದು ಎಕ್ಸರೇ ವರದಿಗಳು ಶುರುವಾಗುತ್ತಿದ್ದಂತೆ ಹಿಡಿಯೊಳಗಿಂದ ಕರ್ ಎಂಬ ಉದ್ದನೆಯ ಸದ್ದು ಬಂತು. “ಕೆರೀತೈತ್ರಿ” ಎಂದೆ. ಅವರು ತಂತಿ ಎಳೆದರು. ಆ ಡಿಸ್ಕು ಮತ್ತೆ ಏಳಲಿಲ್ಲ.

ಶಾಂತವ್ವನ ಹೆಸರಿನ ಕೆಳಗೆ ಶ್ರಾವಣದ ಸೋಮವಾರವೊಂದರ ತಾರೀಖಿನಲ್ಲಿ ಆ ಔಷಧದ ಹೆಸರು ಇತ್ತು. ಡಾಕ್ಟರು ಅದನ್ನು ಎರಡು ಸಲ ಓದಿಕೊಂಡರು. “ಇವತ್ತ ಇದನ್ನ ಹಾಕಾಂವ ಇದ್ದೆ” ಎಂದಷ್ಟೇ ಹೇಳಿ ಹೊರಟರು. ಹನ್ನೊಂದಕ್ಕೆ ಐದು ನಿಮಿಷ ಇತ್ತು. ಗಾಲಿಕುರ್ಚಿಯಲ್ಲಿ ಒಳಗೆ ಕರೆದೊಯ್ಯುವಾಗ ಶಾಂತವ್ವ ನೀಲವ್ವಕ್ಕನಿಗೆ, “ನಿಮ್ಮ ಮಷೀನಿಗೂ ನನ್ನಂಗ ಜಡ್ಡ ಬಂದಿತ್ತೇನವಾ?” ಎನ್ನುತ್ತಿದ್ದರು.

ಹೀಗೆ ಅದು ಮುಗಿಯಿತು. ಏಳು ತಿಂಗಳ ಎಕ್ಸರೇ ವರದಿಗಳು, ರಕ್ತ ಪರೀಕ್ಷೆಗಳು, ಹೆರಿಗೆ ವಿಭಾಗದ ಟಿಪ್ಪಣಿಗಳು ಹೋದವು. ನೀಲವ್ವಕ್ಕ ಮೂರು ತಿಂಗಳು ಕಾಗದದ ಚೂರುಗಳನ್ನು ನೋಡಿ ಮತ್ತೆ ತುಂಬಿಸಿದರು, ಪೂರ್ತಿ ತುಂಬಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ತಲೆ ಒರಗಿಸಿದ್ದರು. ಅವರ ತೋಳು ಮುಟ್ಟಿ, ಅವರು ತಿರುಗಿದ ಮೇಲೆ ಕೇಳಿದೆ: “ನಾ ಮೊದಲನೇ ಸಲಾನ ಹೇಳಿದ್ರ ಎಲ್ಲಾ ಉಳೀತಿತ್ತೇನ್ರಿ ಸರ್?”

ಇಲ್ಲ ಬಿಡು ಎನ್ನುತ್ತಾರೆಂದು ನಾನು ಕಾದಿದ್ದೆ. ಅವರು ಹಾಗೆ ಅನ್ನಲಿಲ್ಲ.

“ಗೊತ್ತಿಲ್ಲವಾ. ಉಳದರೂ ಉಳೀತಿತ್ತು. ನಾ ಎರಡ ವರ್ಷದ ಹಿಂದ ಹೇಳಿದ್ರೂ ಉಳೀತಿತ್ತು.” ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, “ವರದಿಯೊಳಗ ಎರಡೂ ಬರಿ” ಎಂದರು.

ಬರೆದೆ. ಅಸಹಜ ಶಬ್ದ ನನಗೆ ಕೇಳಿಸಿತ್ತು, ನಾನು ತಿಳಿಸಲಿಲ್ಲ ಎಂಬುದು ನನ್ನ ಸಾಲು. ನನಗೆ ಕಿವಿ ಕೇಳುವುದಿಲ್ಲ ಎಂಬುದು ಅವರ ಸಾಲು. ಇಬ್ಬರೂ ಸಹಿ ಮಾಡಿದೆವು. ಕಚೇರಿ ನನಗೆ ಏನೂ ಅನ್ನಲಿಲ್ಲ. ಅವರನ್ನು ಊರುಗಳಿಗೆ ಕಳಿಸುವುದನ್ನು ನಿಲ್ಲಿಸಿ ಒಳಗಿನ ಒಂದು ಮೇಜಿಗೆ ಕೂರಿಸಿತು. ರೆಕ್ಸಿನ್ ಚೀಲ ನನ್ನ ಹೆಗಲಿಗೆ ಬಂತು. ಅವರು ಬೆಳಿಗ್ಗೆ ಬಂದು, ನಾನು ಎಲ್ಲಿಗೆ ಹೋಗುತ್ತೇನೆಂದು ಕೇಳಿ, ಸಂಜೆ ನಾನು ಬರುವವರೆಗೆ ಕಾಯುತ್ತಿದ್ದರು. ಬಂದ ಕೂಡಲೇ ಎದುರಿನ ಕುರ್ಚಿ ತೋರಿಸಿ, “ಏನಂತೈತಿ?” ಎನ್ನುತ್ತಿದ್ದರು. ನಾನು ದಣಿದಿರುತ್ತಿದ್ದೆ. ಬಸ್ಸಿನ ಧೂಳು ಮುಖದ ಮೇಲಿರುತ್ತಿತ್ತು. ಆದರೂ ಕೂತು, ಅವರ ಮುಖ ನೋಡಿ, ಎಲ್ಲವನ್ನೂ ಹೇಳುತ್ತಿದ್ದೆ. ಹತ್ತು ತಿಂಗಳು ಹಾಗೆ ನಡೆಯಿತು. ಒಂದು ಬೆಳಿಗ್ಗೆ ಅವರು ಬರಲಿಲ್ಲ. ಬಾಗಿಲು ಬಡಿದರೂ ಅವರಿಗೆ ಹೇಗೂ ಕೇಳಿಸುವುದಿಲ್ಲ ಎಂದು ಮನೆಯ ಮಾಲೀಕರು ಹೊತ್ತು ಏರುವವರೆಗೂ ಸುಮ್ಮನಿದ್ದರಂತೆ.

ಮೊನ್ನೆ ಹಳಿಯಾಳಕ್ಕೆ ಹೋದೆ. ಆಸ್ಪತ್ರೆಯಲ್ಲಿ ಈಗ ಹೊಸ ಯಂತ್ರವಿದೆ; ಹಳೆಯದರ ಖಾತೆಗಳೆಲ್ಲ ಇದಕ್ಕೆ ಬಂದಿವೆ. ಕುಂಕುಮ ಅದರ ಮುಖಕ್ಕಲ್ಲ, ಪಕ್ಕಕ್ಕೆ ಹಚ್ಚಿದ್ದಾರೆ. ಬಂದ ಕೆಲಸ ಹೇಳಿದಾಗ ಕಡತ ಜೋಡಿಸುತ್ತಿದ್ದ ನೀಲವ್ವಕ್ಕನ ಕೈ ನಿಂತಿತು.

“ಅವರದು ಇರ್ಲಿ ಬಿಡ ತಂಗಿ. ಏನ್ ಅನ್ನಾ ಕೇಳ್ತೈತಿ ಅದು?”

“ತಗೀಬೇಕ್ರಿ ಅಕ್ಕಾ. ಅವರ ಹೇಳಿದ್ದು.”

ನಾನು ಆದೇಶ ಟೈಪು ಮಾಡಿದೆ. ಅವರ ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿದೆ. ಎಂಟರ್ ಮೇಲೆ ಬೆರಳಿಟ್ಟು, ಅಭ್ಯಾಸಬಲದಿಂದ ಎಡಗಡೆ ತಿರುಗಿದೆ. ಅಲ್ಲಿ ಅವರು ಕೂರುತ್ತಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಡತಗಳ ಕಟ್ಟು ಇತ್ತು. ನೀಲವ್ವಕ್ಕ ನನ್ನನ್ನು ನೋಡಿದರು. ಕಟ್ಟನ್ನು ಎತ್ತಿ ನೆಲಕ್ಕಿಟ್ಟು, ಆ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಕೈಯಿಟ್ಟುಕೊಂಡರು.

“ಹೇಳು” ಎಂದರು.

ಯಾರ ಖಾತೆ, ಯಾವ ಯಂತ್ರ, ಏನಾಗಬೇಕು ಎಂದು ಅವರ ಮುಖ ನೋಡಿ ಹೇಳಿದೆ. ನೀಲವ್ವಕ್ಕ ಹೂಂ ಎಂದರು. ಒತ್ತಿದೆ.

ಯಂತ್ರ ಏನೂ ಹೇಳಲಿಲ್ಲ.

“ಆತ್ರಿ” ಎಂದೆ.